ಕಂಪವಾತದ ಇತಿಹಾಸದಲ್ಲಿ ಶೋಥದ ಸ್ಥಾನ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯು ಶಾಸನಾಭ್ಯಾಸಿಗಳಿಗೆ ಚೆನ್ನಾಗಿ ಪರಿಚಿತವಾದ ಗ್ರಾಮವು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಶಕ 867ರಲ್ಲಿ, ಅಂದರೆ ಕ್ರಿ. ಶ. 945ರಲ್ಲಿ, ಆತನ ಮಂತ್ರಿಯಾದ ನಾರಾಯಣನು ತ್ರೈಪುರುಷ ದೇವರಿಗೆ ಸೇರಿದ ಶಾಲೆಯೊಂದನ್ನು ಇಲ್ಲಿ ಕಟ್ಟಿಸಿದನೆಂದು ಈ ಊರಿನ ಕಂಬದ ಶಾಸನವು ಸಾರುವುದು. ಪಾವಿಟ್ಟಗೆ ಎಂಬ ಹೆಸರಿನ ಅಗ್ರಹಾರವು ಆ ಶಾಲೆಯ ದೆಸೆಯಿಂದಲೇ ಶಾಲಾಪಾವಿಟ್ಟಗೆಯಾಗಿ, ಕಾಲಕ್ರಮದಲ್ಲಿ ಸಾಲೋಟಗಿಯಾಯಿತೆಂದು ವಿದ್ವಾಂಸರ ಮತವು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನಗಳೂ, ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿಯೂ, ಅಧ್ಯಾಪಕನಿಗೆ 50 ನಿವರ್ತನವೂ, ದೀಪಕ್ಕೆಂದು ಬೇರೆಯಾಗಿ 12 ನಿವರ್ತನವೂ ದತ್ತಿಯಾಗಿ ಬಂದವು. ಊರವರು ತಮ್ಮ ಮನೆಯ ಮದುವೆ ಮುಂಜಿಗಳಲ್ಲಿಯೂ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯಿತ್ತು. ವಿದ್ಯೆಯು ಒಬ್ಬನ ಸೊತ್ತಲ್ಲ, ಒಂದು ದೇಶದ ಸೊತ್ತೂ ಅಲ್ಲ. ಹಲವು ನಾಡುಗಳವರು ಒಂದು ದೀಪದ ಸುತ್ತ ಕುಳಿತರೆ ಮಾತ್ರ ಅದು ಬೆಳೆಯುವುದೆಂಬ ತಿಳಿವಳಿಕೆಯು ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿದ್ದಿತೆಂಬುದಕ್ಕೆ ಈ ಶಾಸನವೇ ಸಾಕ್ಷಿಯು.

ಅಂತಹ ಸಾಲೋಟಗಿಯಲ್ಲಿಯಾಗಲಿ, ಸುತ್ತಲಿನ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿಯಾಗಲಿ, ಗುಡಿಯ ಕಟ್ಟೆಯ ಮೇಲೆ ಕುಳಿತ ವೃದ್ಧನ ಕೈಬೆರಳುಗಳು ತಾವಾಗಿ ನಡುಗುತ್ತಿದ್ದರೆ ನೋಡಿದವರು ಆಡುವ ಮಾತು ಒಂದೇ: "ವಯಸ್ಸಾಯಿತು". ನಡೆ ಕುಂಟಿದರೂ, ಮುಖದ ಭಾವವು ಮಾಸಿದರೂ, ಅಕ್ಷರವು ದಿನೇ ದಿನೇ ಸಣ್ಣದಾದರೂ ಉತ್ತರವು ಅದೇ. ಈ ಒಂದು ಮಾತಿನಿಂದ ಎಷ್ಟೋ ಮಂದಿ ಹಿರಿಯರು ಔಷಧವಿದ್ದೂ ಔಷಧವಿಲ್ಲದೆ ಕಾಲ ನೂಕುವರು. ಈ ನಡುಕವು ಮುಪ್ಪಿನ ಧರ್ಮವೋ, ಒಂದು ರೋಗವೋ? ರೋಗವಾದರೆ ಅದರ ಬೀಜವೆಲ್ಲಿ? ದೇಹವನ್ನು ಕಾಯಬೇಕಾದ ಕಾವಲು ತಾನೇ ಅದಕ್ಕೆ ಕೈಗೂಡಿಸುವುದುಂಟೆ? ಈ ಪ್ರಶ್ನೆಗಳ ಇತಿಹಾಸವೂ ಸಾಲೋಟಗಿಯ ಶಾಲೆಯಂತೆಯೇ ನಾನಾ ಜನಪದಗಳವರು ಕೂಡಿ ಬರೆದ ಇತಿಹಾಸವು. ಅದರಲ್ಲಿ ಕನ್ನಡ ನಾಡಿನ ಪಾಲೂ ಉಂಟು.

ಆಯುರ್ವೇದವು ಈ ವ್ಯಾಧಿಯನ್ನು ಅರಿಯದೆ ಇರಲಿಲ್ಲ. ಚರಕಸಂಹಿತೆಯು 80 ವಾತವಿಕಾರಗಳನ್ನು ಎಣಿಸುವಲ್ಲಿ ವೇಪಥುವನ್ನು ಹೇಳಿರುವುದು. ಆಂಧ್ರದೇಶದಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಬಸವರಾಜೀಯವೆಂಬ ವೈದ್ಯಗ್ರಂಥವು ಕಂಪವಾತವೆಂಬ ಹೆಸರನ್ನೇ ಬಳಸಿ, ಕೈಕಾಲುಗಳ ನಡುಕದೊಡನೆ ನಿದ್ರಾಭಂಗವನ್ನೂ ಬುದ್ಧಿಯ ಕುಂದನ್ನೂ ಅದರ ಲಕ್ಷಣಗಳಲ್ಲಿ ಸೇರಿಸಿದೆ. ನಡುಕವೊಂದನ್ನೇ ಕಾಣದೆ ನಿದ್ರೆಯನ್ನೂ ಮನಸ್ಸನ್ನೂ ಗಮನಿಸಿದ ಆ ದೃಷ್ಟಿಯು ಅಲ್ಪವಾದುದಲ್ಲ. ಚಿಕಿತ್ಸೆಯಲ್ಲಿ ಉಪಯೋಗಿಸುತ್ತಿದ್ದ ಕಪಿಕಚ್ಛು, ಅಂದರೆ ನಸುಗುನ್ನಿಯ ಬೀಜದಿಂದ 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ರಸಾಯನಜ್ಞರು ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಆ ವಸ್ತುವೇ ಮೂವತ್ತು ವರ್ಷಗಳ ತರುವಾಯ ಈ ರೋಗದ ಮುಖ್ಯೌಷಧವಾಗುವುದೆಂದು ಆಗ ಯಾರೂ ಊಹಿಸಿರಲಿಲ್ಲ.

ಪಾಶ್ಚಾತ್ಯ ವೈದ್ಯದಲ್ಲಿ ಈ ರೋಗಕ್ಕೆ ಪ್ರತ್ಯೇಕ ಸ್ಥಾನವನ್ನು ದೊರಕಿಸಿದವನು ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್‌ಸನ್. 1817ರಲ್ಲಿ ಆತನು ಆರು ಮಂದಿ ರೋಗಿಗಳ ಸ್ಥಿತಿಯನ್ನು ವರ್ಣಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅವರಲ್ಲಿ ಕೆಲವರನ್ನು ಆತನು ಬೀದಿಯಲ್ಲಿ ಕಂಡು ಮಾತನಾಡಿಸಿದ್ದನು ಮಾತ್ರ. ವಾಚಕರು ಗಮನಿಸಬೇಕಾದ ಸಂಗತಿಯೊಂದುಂಟು. ರೋಗದ ಮೂಲವು ಕತ್ತಿನ ಮೇಲ್ಭಾಗದ ನರಕಾಂಡದಲ್ಲಿರಬಹುದೆಂದು ಊಹಿಸಿದ ಪಾರ್ಕಿನ್‌ಸನ್ನನು, ಅಲ್ಲಿಯ ಉರಿಯನ್ನೂ ರಕ್ತದ ಒತ್ತಡವನ್ನೂ ಬೇರೆಡೆಗೆ ತಿರುಗಿಸಬೇಕೆಂದು ಕತ್ತಿನಿಂದ ರಕ್ತ ತೆಗೆಯುವುದನ್ನೂ ಬೊಬ್ಬೆಯೆಬ್ಬಿಸಿ ಕೀವು ಹರಿಸುವುದನ್ನೂ ಸೂಚಿಸಿದನು. ಶೋಥದ ವಿಚಾರವು ಈ ರೋಗದ ಮೊದಲ ಪ್ರಬಂಧದಲ್ಲಿಯೇ ತಲೆಯೆತ್ತಿತ್ತೆಂದಾಯಿತು. ಆದರೆ ಆತನ ಊಹೆಗೆ ಆಧಾರವಿರಲಿಲ್ಲ. ಸತ್ತ ರೋಗಿಯ ಮಿದುಳನ್ನು ಆತನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಈ ಕೊರತೆಯನ್ನು ಆತನು ಮುಚ್ಚಿಡಲಿಲ್ಲ. ಶರೀರವಿಚ್ಛೇದ ಮಾಡುವವರು ಮುಂದೆ ಬಂದು ನಿಜವಾದ ಕಾರಣವನ್ನು ಕಂಡುಹಿಡಿಯಲಿ ಎಂದು ಬೇಡಿಕೊಂಡನು. ಈ ಬೇಡಿಕೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ಸುಲಭವಾಗಿ ತಿಳಿಯುವುದು.

ಫ್ರಾನ್ಸಿನ ಶಾರ್ಕೊ ಎಂಬ ವೈದ್ಯನು ಈ ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರಿಟ್ಟನು. 1912ರಲ್ಲಿ ಲೆವಿ ಎಂಬವನು ಇಂತಹ ರೋಗಿಗಳ ಮಿದುಳಿನ ಜೀವಕೋಶಗಳೊಳಗೆ ದುಂಡನೆಯ ಗಂಟುಗಳನ್ನು ಕಂಡನು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಟ್ರೆಟಿಯಾಕಾಫ್ ಎಂಬವನು, ನಡುಮಿದುಳಿನಲ್ಲಿ ಕಪ್ಪು ವರ್ಣದಿಂದ ಗುರುತಿಸಲ್ಪಡುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಕೋಶಗಳು ನಾಶವಾಗಿರುವುದನ್ನು ತೋರಿಸಿದನು. ಇದನ್ನು ಕನ್ನಡದಲ್ಲಿ ಕೃಷ್ಣದ್ರವ್ಯವೆನ್ನಬಹುದು. ಈ ಕೋಶಗಳು ಉತ್ಪಾದಿಸುವ ಡೋಪಮೀನ್ ಎಂಬ ರಸವು ಅಂಗಚಲನೆಯನ್ನು ಹದದಲ್ಲಿಡುವುದೆಂಬುದು 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ನನ ಪ್ರಯೋಗಗಳಿಂದ ತಿಳಿಯಿತು. ರೋಗಿಗಳ ಮಿದುಳಿನಲ್ಲಿ ಆ ರಸವು ಬಹಳ ಕಡಿಮೆಯಾಗಿರುವುದೆಂದು 1960ರಲ್ಲಿ ವಿಯೆನ್ನಾದ ಹಾರ್ನಿಕೆವಿಚ್ ಮತ್ತು ಎಹ್ರಿಂಗರ್ ಎಂಬವರು ಸ್ಥಾಪಿಸಿದರು. 1967ರಲ್ಲಿ ಅಮೆರಿಕದ ಕೊಟ್ಸಿಯಾಸನು ಡೋಪಾವನ್ನು ಹೆಚ್ಚಿನ ಪ್ರಮಾಣದಲ್ಲಿ ಕ್ರಮಕ್ರಮವಾಗಿ ಕೊಟ್ಟು, ಕಲ್ಲಾಗಿ ಕುಳಿತವರನ್ನು ನಡೆಸಿದನು. ಆದರೆ ಔಷಧವು ಕೊರತೆಯನ್ನು ತುಂಬುವುದೇ ಹೊರತು ಕೋಶಗಳ ನಾಶವನ್ನು ತಡೆಯದು. ಕೆರೆಯ ಏರಿಯಲ್ಲಿ ಬಿರುಕಿರುವಾಗ ಮೇಲಿನಿಂದ ನೀರು ಸುರಿದಂತೆ ಅದು. ಬಿರುಕಿಗೆ ಕಾರಣವೇನು?

ಇಲ್ಲಿಗೆ ಶೋಥದ ವಿಚಾರವು ಮತ್ತೆ ಬರುವುದು. ಶೋಥವೆಂದರೆ ಗಾಯವಾದಲ್ಲಿ, ವಿಷಕ್ರಿಮಿ ಹೊಕ್ಕಲ್ಲಿ ದೇಹವು ಹೂಡುವ ಯುದ್ಧವು. ಕೆಂಪು, ಬಾವು, ಕಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ಸನು ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಹೇಳಿದನು. 1882ರಲ್ಲಿ ರಷ್ಯದ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಯ ದೇಹಕ್ಕೆ ಮುಳ್ಳು ಚುಚ್ಚಿದಾಗ ಅಲೆದಾಡುವ ಕೋಶಗಳು ಬಂದು ಅದನ್ನು ಮುತ್ತಿದುದನ್ನು ಕಂಡು, ದೇಹದಲ್ಲಿ ಭಕ್ಷಕಕೋಶಗಳೆಂಬ ಕಾವಲುಗಾರರಿರುವರೆಂದು ಸಾರಿದನು. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಎರ್ಲಿಕ್ಕನೊಡನೆ ಹಂಚಿಕೊಂಡನು. ಮಿದುಳಿಗೂ ಇಂತಹ ಕಾವಲುಂಟೆಂದು 1919ರಲ್ಲಿ ಸ್ಪೇಯಿನಿನ ರಿಯೊ ಹೊರ್ಟೆಗನು ತೋರಿಸಿ ಆ ಕೋಶಗಳಿಗೆ ಮೈಕ್ರೋಗ್ಲಿಯಾ ಎಂಬ ಹೆಸರಿಟ್ಟನು. ಶಾಂತಿಕಾಲದಲ್ಲಿ ಇವು ತೆಳುವಾದ ಕವಲುಗಳನ್ನು ಚಾಚಿ ಸುತ್ತಲೂ ತಡವುತ್ತಿರುವುವು. ಅಪಾಯವನ್ನು ಅರಿತಾಗ ಕವಲುಗಳನ್ನು ಮಡಚಿ ದಪ್ಪಗಾಗಿ ಭಕ್ಷಕರೂಪವನ್ನು ತಾಳುವುವು.

ಅದೇ ಕಾಲದಲ್ಲಿ ಪ್ರಕೃತಿಯೇ ಒಂದು ಘೋರ ಪಾಠವನ್ನು ಕಲಿಸಿತು. 1917ರಲ್ಲಿ ವಿಯೆನ್ನಾದ ಫಾನ್ ಇಕಾನಮೋ ಎಂಬವನು ನಿದ್ರಾರೋಗವೆನ್ನಬಹುದಾದ ಒಂದು ಮಿದುಳಿನ ಶೋಥವನ್ನು ವರ್ಣಿಸಿದನು. ಮುಂದಿನ ಹತ್ತು ವರ್ಷಗಳ ಅವಧಿಯಲ್ಲಿ ಅದು ಲೋಕದ ಹಲವೆಡೆ ಹಬ್ಬಿ ಮರೆಯಾಯಿತು. ಅದರಿಂದ ಉಳಿದುಕೊಂಡವರಲ್ಲಿ ಅನೇಕರು, ತರುಣರು ಕೂಡ, ಕೆಲವು ವರ್ಷಗಳಲ್ಲಿಯೇ ಕಂಪವಾತದವರಂತೆ ನಡುಗಿ ಮರಗಟ್ಟಿದರು. ಕಂಪವಾತದ ಲಕ್ಷಣಗಳಿಗೆ ಮುಪ್ಪೊಂದೇ ಕಾರಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ಆದರೂ ಆ ಸಾಂಕ್ರಾಮಿಕದ ಕಂಪವೇ ಬೇರೆ, ಸಾಮಾನ್ಯವಾದ ಕಂಪವಾತವೇ ಬೇರೆ ಎಂದು ಪಂಡಿತರು ವಿಂಗಡಿಸಿದರು. ಶೋಥದ ವಿಚಾರವು ಬಹುಕಾಲ ಬದಿಗೆ ಸರಿಯಿತು.

1988ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಪ್ಯಾಟ್ರಿಕ್ ಮೆಗೀರ್, ಎಡಿತ್ ಮೆಗೀರ್ ದಂಪತಿಗಳೂ ಅವರ ಸಂಗಡಿಗರೂ ಸಾಮಾನ್ಯ ಕಂಪವಾತದಿಂದ ಮೃತರಾದವರ ಕೃಷ್ಣದ್ರವ್ಯವನ್ನು ಪರೀಕ್ಷಿಸಿ, ಅಲ್ಲಿ ಕೆರಳಿದ ಮೈಕ್ರೋಗ್ಲಿಯಾ ಕೋಶಗಳು ಹೇರಳವಾಗಿರುವುದನ್ನು ಕಂಡರು. 1994ರಲ್ಲಿ ಜಪಾನಿನ ಮೋಗಿ, ನಗಾತ್ಸು ಮೊದಲಾದವರು ರೋಗಿಗಳ ಮಿದುಳಿನಲ್ಲಿಯೂ ಮಿದುಳುಬಳ್ಳಿಯ ದ್ರವದಲ್ಲಿಯೂ ಟಿ.ಎನ್.ಎಫ್. ಎಂಬ ರಸವು ಹೆಚ್ಚಿರುವುದನ್ನು ತೋರಿಸಿದರು. ಇದು ಸೈಟೊಕೈನುಗಳೆಂಬ ಸಂಕೇತದ್ರವ್ಯಗಳ ವರ್ಗಕ್ಕೆ ಸೇರಿದುದು. ಕಾವಲುಗಾರನು ಕಹಳೆಯೂದಿ ಉಳಿದವರನ್ನು ಎಚ್ಚರಿಸುವಂತೆ, ಕೆರಳಿದ ಕೋಶವು ಈ ದ್ರವ್ಯಗಳನ್ನು ಸುರಿಸಿ ನೆರೆಯ ಕೋಶಗಳನ್ನು ಎಚ್ಚರಿಸುವುದು. ಕಹಳೆಯು ಸಮಯಕ್ಕೆ ನಿಂತರೆ ಕ್ಷೇಮ; ನಿಲ್ಲದಿದ್ದರೆ ಶತ್ರುವಿಗೆ ಬಿಟ್ಟ ಬಾಣವು ಸ್ವಂತ ಮನೆಯವರಿಗೆ ತಗಲುವುದು.

ಹಾಗಾದರೆ ಕೋಶಗಳು ಸತ್ತುದರಿಂದ ಈ ಉರಿಯೆದ್ದಿತೋ, ಉರಿಯೆದ್ದುದರಿಂದ ಕೋಶಗಳು ಸತ್ತುವೋ? ಬೀಜವೃಕ್ಷನ್ಯಾಯದಂತಹ ಈ ತೊಡಕಿಗೆ ಒಂದು ದುರ್ಘಟನೆಯು ಬೆಳಕು ನೀಡಿತು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೆಲವರು ಎಮ್.ಪಿ.ಟಿ.ಪಿ. ಎಂಬ ವಿಷ ಬೆರೆತ ಮಾದಕವನ್ನು ಚುಚ್ಚಿಕೊಂಡು, ಸ್ವಲ್ಪ ಕಾಲದಲ್ಲಿಯೇ ಕಂಪವಾತದವರಂತೆ ಸ್ತಬ್ಧರಾದರು. ಲ್ಯಾಂಗ್‌ಸ್ಟನ್ ಎಂಬ ವೈದ್ಯನು ಇದರ ಮೂಲವನ್ನು ಪತ್ತೆಮಾಡಿದನು. ಅಂತಹ ಮೂವರು 3ರಿಂದ 16 ವರ್ಷಗಳ ತರುವಾಯ ಮೃತರಾದಾಗ ಅವರ ಮಿದುಳುಗಳನ್ನು ಪರೀಕ್ಷಿಸಿ, 1999ರಲ್ಲಿ ಆತನೂ ಆತನ ಸಂಗಡಿಗರೂ ಪ್ರಕಟಿಸಿದ ಸಂಗತಿಯು ಆಶ್ಚರ್ಯಕರವಾದುದು: ವಿಷವು ಎಂದೋ ದೇಹವನ್ನು ಬಿಟ್ಟುಹೋಗಿದ್ದರೂ ಕೃಷ್ಣದ್ರವ್ಯದಲ್ಲಿ ಮೈಕ್ರೋಗ್ಲಿಯಾ ಕೋಶಗಳು ಇನ್ನೂ ಕೆರಳಿಯೇ ಇದ್ದವು, ನರಕೋಶಗಳ ನಾಶವು ಇನ್ನೂ ನಡೆಯುತ್ತಿದ್ದಿತು. ಕಿಡಿಯು ಆರಿದರೂ ಬೆಂಕಿಯು ತನ್ನನ್ನು ತಾನೇ ಉರಿಸಿಕೊಳ್ಳುತ್ತಿರಬಹುದೆಂಬ ಸೂಚನೆಯಿದು.

ಈ ಚಕ್ರವು ಸುತ್ತುವ ಬಗೆಯನ್ನು ಮುಂದಿನ ಸಂಶೋಧನೆಗಳು ವಿವರಿಸಿದುವು. ಲೆವಿಯು ಕಂಡ ಗಂಟುಗಳು ಮುಖ್ಯವಾಗಿ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನಿನಿಂದ ಆದುವೆಂದು 1997ರಲ್ಲಿ ತಿಳಿಯಿತು. ಸಾಯುತ್ತಿರುವ ಕೋಶದಿಂದ ಹೊರಬಿದ್ದ ಈ ಪ್ರೋಟೀನು ಮೈಕ್ರೋಗ್ಲಿಯಾವನ್ನು ಕೆರಳಿಸುವುದು. ಕೆರಳಿದುದು ಸುರಿಸುವ ದ್ರವ್ಯಗಳು ಪಕ್ಕದ ಕೋಶವನ್ನು ಬಾಧಿಸುವುವು. ಆ ಕೋಶದಿಂದ ಮತ್ತೆ ಅದೇ ಪ್ರೋಟೀನು ಹೊರಬೀಳುವುದು. 2010ರಲ್ಲಿ, ದೇಹವು ತನ್ನದನ್ನೂ ಪರರದನ್ನೂ ಗುರುತಿಸಲು ಆಧಾರವಾದ ಎಚ್.ಎಲ್.ಎ. ಎಂಬ ವಂಶವಾಹಿಗಳ ಪ್ರದೇಶಕ್ಕೂ ಕಂಪವಾತಕ್ಕೂ ಸಂಬಂಧವಿರುವುದು ಕಂಡುಬಂದಿತು. 2017ರಲ್ಲಿ ಅಮೆರಿಕದ ಸುಲ್ಜರ್ ಮೊದಲಾದವರು, ರೋಗಿಗಳ ರಕ್ತದಲ್ಲಿಯ ಟಿ ಕೋಶಗಳೆಂಬ ಯೋಧರು ಆಲ್ಫಾ-ಸೈನ್ಯೂಕ್ಲಿನಿನ ತುಣುಕುಗಳನ್ನು ಶತ್ರುವೆಂದು ಗುರುತಿಸುವುದನ್ನು ತೋರಿಸಿದರು. 2020ರಲ್ಲಿ ಅದೇ ವರ್ಗದವರ ಇನ್ನೊಂದು ಅಧ್ಯಯನದಿಂದ, ಈ ಗುರುತಿಸುವಿಕೆಯು ರೋಗನಿರ್ಣಯದ ಆಸುಪಾಸಿನ ಕಾಲದಲ್ಲಿ ಪ್ರಬಲವಾಗಿದ್ದು ತರುವಾಯ ಕುಗ್ಗುವುದೆಂದೂ, ಒಬ್ಬ ರೋಗಿಯಲ್ಲಿ ನಡುಕಕ್ಕೆ ಬಹಳ ವರ್ಷ ಮೊದಲೇ ಇದ್ದಿತೆಂದೂ ತಿಳಿಯಿತು. ಉರಿಯು ರೋಗದ ಬೂದಿ ಮಾತ್ರವಲ್ಲ, ಅದರ ಆರಂಭದಲ್ಲಿಯೂ ಇರುವುದೆಂಬ ಪಕ್ಷಕ್ಕೆ ಇದು ಬಲವನ್ನಿತ್ತಿತು. ಮಲಬದ್ಧತೆ, ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕೈಕಾಲು ಬಡಿಯುವುದು ಇವು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣುವುದರಿಂದ, ರೋಗದ ಮೊದಲ ಹೆಜ್ಜೆಯು ಕೆಲವರಲ್ಲಿ ಕರುಳಿನಲ್ಲಿಯೋ ಮೂಗಿನಲ್ಲಿಯೋ ಬೀಳುವುದೆಂದು 2003ರಲ್ಲಿ ಜರ್ಮನಿಯ ಬ್ರಾಕ್ ಎಂಬವನು ಪ್ರತಿಪಾದಿಸಿದನು.

ಇನ್ನು ಕನ್ನಡ ನಾಡಿನ ಪಾಲು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಾನವ ಮಿದುಳಿನ ಭಂಡಾರವು ಸ್ಥಾಪಿತವಾಯಿತು. ಮೃತರ ಬಂಧುಗಳ ಅನುಮತಿಯಿಂದ ದೊರೆತ ಮಿದುಳುಗಳನ್ನು ಕಾಪಾಡಿ ಅಭ್ಯಾಸಕ್ಕೆ ಒದಗಿಸುವುದೇ ಅದರ ಉದ್ದೇಶವು. 1998ರಲ್ಲಿ ಉದಯ ಮುಥಾನೆ, ಟಿ. ಸಿ. ಯಶಾ, ಶಂಕರ್ ಇವರು ರೋಗವಿಲ್ಲದ ಭಾರತೀಯರ ಕೃಷ್ಣದ್ರವ್ಯದ ಕೋಶಗಳನ್ನೆಣಿಸಿ, ಅವುಗಳ ಸಂಖ್ಯೆಯು ಬ್ರಿಟನ್ನಿನವರಲ್ಲಿ ಇರುವುದಕ್ಕಿಂತ ಕಡಿಮೆಯಾಗಿದ್ದರೂ ವಯಸ್ಸು ಏರಿದಂತೆ ಅದು ಕುಗ್ಗುವುದಿಲ್ಲವೆಂಬ ನಿರ್ಣಯಕ್ಕೆ ಬಂದರು. 2009ರಲ್ಲಿ ಫಲ್ಗುಣಿ ಆಳ್ಲಾಡಿ ಮತ್ತು ಸಂಗಡಿಗರು ಬೇರೆ ವಿಧಾನದಿಂದ ಪರೀಕ್ಷಿಸಿ ಇದನ್ನೇ ಬೆಂಬಲಿಸಿದರು. 2015ರಲ್ಲಿ ಅದೇ ಪ್ರಯೋಗಾಲಯದವರು ವಯಸ್ಸಿನೊಡನೆ ಕೃಷ್ಣದ್ರವ್ಯದ ಕಾವಲುಕೋಶಗಳಿಗೆ ಏನಾಗುವುದೆಂಬುದನ್ನು ನೋಡಿದರು. ನಡುವಯಸ್ಸಿನ ತರುವಾಯ ಪೋಷಕಕೋಶಗಳ ಸಂಖ್ಯೆಯಲ್ಲಿ ಅಲ್ಪವಾದ ಏರಿಕೆಯೂ, ಮೈಕ್ರೋಗ್ಲಿಯಾದಲ್ಲಿ ಶೋಥವನ್ನು ಸೂಚಿಸುವ ರೂಪಾಂತರವೂ ಕಂಡವು. ಆದರೆ ನಿರೀಕ್ಷಿಸಿದಷ್ಟು ದೊಡ್ಡ ಉರಿಯು ಕಾಣಲಿಲ್ಲ. ಎಂದ ಮೇಲೆ ಮುಪ್ಪು ಕಾವಲುಗಾರನನ್ನು ಸ್ವಲ್ಪ ಕೆರಳುವಂತೆ ಮಾಡಬಹುದು. ಮನೆಯನ್ನು ಸುಡುವುದು ಮುಪ್ಪಲ್ಲ, ಬೇರೊಂದು. ಕಟ್ಟೆಯ ಮೇಲೆ ಕೇಳಿಬರುವ "ವಯಸ್ಸಾಯಿತು" ಎಂಬ ಮಾತಿಗೆ ಕನ್ನಡ ನಾಡಿನ ರಾಜಧಾನಿಯಿಂದಲೇ ಬಂದ ಉತ್ತರವಿದು.

ಜನರ ನಡುವೆ ನಡೆದ ಅಧ್ಯಯನಗಳೂ ಇದನ್ನೇ ಸೂಚಿಸುವುವು. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ನಗರ ಗ್ರಾಮಗಳಲ್ಲಿ 1,02,557 ಮಂದಿಯನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ ಈ ರೋಗವು ಲಕ್ಷಕ್ಕೆ 33 ಮಂದಿಯಲ್ಲಿದ್ದಿತು. ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಇದು ಇತರ ಭಾರತೀಯರಿಗಿಂತಲೂ ವಿರಳವೆಂದು 2003ರಲ್ಲಿ ಮುಥಾನೆಯವರ ವರ್ಗವು ತೋರಿಸಿತು. ಮುಪ್ಪು ಎಲ್ಲರಿಗೂ ಸಮಾನವು, ರೋಗವು ಸಮಾನವಲ್ಲ.

ಉರಿಯೇ ಕಾರಣವಾದರೆ ಉರಿಯನ್ನು ಆರಿಸಿದರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ವಿದ್ವಾಂಸರೂ ಹಾಗೆಯೇ ಕೇಳಿದರು. ನೋವಿಗೆ ಸೇವಿಸುವ ಶೋಥಹರ ಮಾತ್ರೆಗಳನ್ನು, ವಿಶೇಷವಾಗಿ ಐಬುಪ್ರೊಫೇನನ್ನು, ಬಹುಕಾಲ ಸೇವಿಸಿದವರಲ್ಲಿ ಕಂಪವಾತವು ಕಡಿಮೆಯೆಂದು 2003ರಲ್ಲಿಯೂ 2011ರಲ್ಲಿಯೂ ಹಾರ್ವರ್ಡಿನ ಅಧ್ಯಯನಗಳಿಂದ ತೋರಿತು. ಬೇರೆ ಅಧ್ಯಯನಗಳಲ್ಲಿ ಹಾಗೆ ತೋರಲಿಲ್ಲ. ಕರುಳಿನ ಶೋಥರೋಗಿಗಳಲ್ಲಿ ಟಿ.ಎನ್.ಎಫ್. ಅನ್ನು ತಡೆಯುವ ಔಷಧವನ್ನು ಪಡೆದವರಿಗೆ ಕಂಪವಾತವು ಕಡಿಮೆ ಬಂದುದಾಗಿ 2018ರಲ್ಲಿ ಅಮೆರಿಕದ ದಾಖಲೆಗಳಿಂದ ಕಂಡುಬಂದಿತು. ಆದರೆ ಇವು ಪರೋಕ್ಷ ಸಾಕ್ಷ್ಯಗಳು. ಶೋಥವನ್ನು ತಗ್ಗಿಸಬಲ್ಲುದೆಂದು ನಂಬಿ ಪಯೋಗ್ಲಿಟಜೋನ್ ಎಂಬ ಮಧುಮೇಹದ ಔಷಧವನ್ನು ಆರಂಭದೆಶೆಯ ರೋಗಿಗಳಿಗೆ ಕೊಟ್ಟು ನೋಡಿದಾಗ, ಅದು ರೋಗದ ನಡೆಯನ್ನು ತಡೆಯುವಂತೆ ತೋರುವುದಿಲ್ಲವೆಂದು 2015ರಲ್ಲಿ ನಿರ್ಣಯವಾಯಿತು.

ಇದೇಕೆ ಹೀಗಾಯಿತೆಂಬುದಕ್ಕೆ ಸುಶ್ರುತಾಚಾರ್ಯನ ವ್ರಣಶೋಥಪ್ರಕರಣವನ್ನು ಓದಿದವರಿಗೆ ಒಂದು ಉತ್ತರವು ಹೊಳೆಯುವುದು. ಬಾವಿಗೆ ಆಮ, ಪಚ್ಯಮಾನ, ಪಕ್ವವೆಂದು ಮೂರು ಅವಸ್ಥೆಗಳನ್ನು ಹೇಳಿ, ಬಲಿಯದ ಬಾವನ್ನು ಕೊಯ್ಯುವವನೂ ಬಲಿತುದನ್ನು ಉಪೇಕ್ಷಿಸುವವನೂ ಸಮಾನವಾಗಿ ನಿಂದ್ಯರೆಂದು ಆತನು ವಿಧಿಸಿರುವನು. ಔಷಧವೊಂದೇ ಸಾಲದು, ಕಾಲಜ್ಞಾನವೂ ಬೇಕು. ಕಂಪವಾತದಲ್ಲಿ ಕೈ ನಡುಗುವ ಹೊತ್ತಿಗೆ ಕೃಷ್ಣದ್ರವ್ಯದ ಕೋಶಗಳಲ್ಲಿ ಬಹಳಷ್ಟು ಆಗಲೇ ನಷ್ಟವಾಗಿರುವುವು. ಮನೆ ಅರ್ಧ ಸುಟ್ಟ ಮೇಲೆ ಬಂದ ನೀರಿನಿಂದ ಆಗುವ ಫಲವು ಅಲ್ಪವೇ. ಅದಲ್ಲದೆ ಅದೇ ಮೈಕ್ರೋಗ್ಲಿಯಾ ಕೋಶಗಳು ಕಸವನ್ನು ನುಂಗಿ ಮಿದುಳನ್ನು ಶುಚಿಯಾಗಿಡುವುವು. ಕಾವಲನ್ನು ಸಂಪೂರ್ಣವಾಗಿ ಕಿತ್ತೊಗೆದರೆ ಮನೆಗೆ ಬೇರೆ ಕೇಡು ತಪ್ಪದು. ದೀಪದ ಉರಿಯು ಎಣ್ಣೆಬತ್ತಿಗಳ ಮಿತಿಯಲ್ಲಿರುವ ತನಕ ಬೆಳಕು, ಮಿತಿಮೀರಿದರೆ ಕಿಚ್ಚು. ದೀಪವನ್ನು ಆರಿಸದೆ ಕಿಚ್ಚನ್ನು ಮಾತ್ರ ಆರಿಸುವ ಬಗೆಯನ್ನೂ, ಅದಕ್ಕೆ ತಕ್ಕ ಹೊತ್ತನ್ನೂ ವಿದ್ವಾಂಸರು ಅರಸುತ್ತಿರುವರು.

ಆದುದರಿಂದ ಈ ಇತಿಹಾಸದಿಂದ ಸಾಮಾನ್ಯ ಗೃಹಸ್ಥನು ಕಲಿಯಬೇಕಾದುದು ಇಷ್ಟು. ಕೈ ನಡುಗಿದರೆ, ನಡೆ ನಿಧಾನವಾದರೆ ವಯಸ್ಸಿನ ಮೇಲೆ ಹೊರಿಸದೆ ನರವೈದ್ಯರನ್ನು ಕಾಣಬೇಕು. ಡೋಪಾ ಔಷಧವು ಇಂದಿಗೂ ಶ್ರೇಷ್ಠವಾದುದು. ಅದನ್ನು ತಾನಾಗಿ ಒಮ್ಮೆಗೇ ನಿಲ್ಲಿಸುವುದು ಅಪಾಯಕರವು. ಶೋಥಹರ ಮಾತ್ರೆಗಳನ್ನು ಅಂಗಡಿಯಿಂದ ಕೊಂಡು ನುಂಗುತ್ತ ಹೋದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಯುಂಟು. ಕಂಪವಾತವು ತಡೆಯುವುದೆಂಬ ಭರವಸೆಯಿಲ್ಲ. ನಸುಗುನ್ನಿಯಲ್ಲಿ ಡೋಪಾ ಇರುವುದು ನಿಜ. ಆದರೆ ಅದರ ಪ್ರಮಾಣವು ಬೀಜದಿಂದ ಬೀಜಕ್ಕೆ ಬೇರೆಯಾಗುವುದರಿಂದ, ಅದನ್ನು ಸೇವಿಸುವವನು ವೈದ್ಯನಿಂದ ಮುಚ್ಚಿಡಲಾಗದು. ದಿನವೂ ನಡೆಯುವುದು, ಅಂಗಸಾಧನೆ ಮಾಡುವುದು ಎಲ್ಲ ವೈದ್ಯರಿಗೂ ಸಮ್ಮತವಾದ ಹಿತವು.

ಪಾರ್ಕಿನ್‌ಸನ್ನನು 1817ರಲ್ಲಿ ಬೇಡಿದುದು ಒಂದೇ: ಸತ್ತವರ ಮಿದುಳನ್ನು ನೋಡುವ ಅವಕಾಶ. ಆ ಅವಕಾಶವಿಲ್ಲದೆ ಆತನ ಶೋಥದ ಊಹೆಯು ಊಹೆಯಾಗಿಯೇ ಉಳಿಯಿತು. ವ್ಯಾಂಕೂವರಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ, ಬೆಂಗಳೂರಿನಲ್ಲಿ ಬಂಧುಗಳು ದುಃಖದ ನಡುವೆಯೂ ಒಪ್ಪಿಗೆಯಿತ್ತುದರಿಂದ ಆ ಮಾತಿಗೆ ಆಧಾರ ದೊರೆಯಿತು. ಸಾಲೋಟಗಿಯ ಶಾಲೆಗೆ ನಿವೇಶನವನ್ನೂ ಭೂಮಿಯನ್ನೂ ದೀಪದೆಣ್ಣೆಯನ್ನೂ ಕೊಟ್ಟವರ ದಾನವನ್ನು ಕಂಬದ ಮೇಲೆ ಕೆತ್ತಿದ್ದಾರೆ. ಮಿದುಳಿನ ಭಂಡಾರಕ್ಕೆ ಕೊಟ್ಟವರ ಹೆಸರನ್ನು ಯಾವ ಕಂಬದ ಮೇಲೆಯೂ ಕೆತ್ತಿಲ್ಲ. ಆದರೂ ಎರಡೂ ಒಂದೇ ಬಗೆಯ ವಿದ್ಯಾದಾನವು. ಮುಂದೆ ಬರುವ, ಮುಖವನ್ನೂ ಕಾಣದ ವಿದ್ಯಾರ್ಥಿಗೆ ಬೆಳಕಾಗಲೆಂದು ಕೊಟ್ಟುದು.